ಎದೆನೋವಿಗೂ ಇಸಿಜಿಗೂ ನಡುವಿನ ಆರು ಗಂಟೆ

2025ರ ಜೂನ್ ಕೊನೆಯಿಂದ ಕೆಲವು ವಾರ ಕನ್ನಡದ ಸುದ್ದಿವಾಹಿನಿಗಳಲ್ಲಿ ಹಾಸನದ ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ದಿನದಿನವೂ ಏರುತ್ತಿತ್ತು. ಒಂದೂವರೆ ತಿಂಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡರು, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು ಎಂಬ ಸುದ್ದಿ ಅದು. ಕೋವಿಡ್ ಲಸಿಕೆಯ ಕಡೆಗೆ ಬೆರಳು ತೋರಿಸುವ ಮಾತು ಬೀದಿಯಿಂದ ಮುಖ್ಯಮಂತ್ರಿಗಳ ಹೇಳಿಕೆಯವರೆಗೂ ಹೋಯಿತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದರು. ಆ ಸಾಲಿನಲ್ಲಿ ನಿಂತ ಬಹಳಷ್ಟು ಮಂದಿಗೆ ಎದೆನೋವೇನೂ ಇರಲಿಲ್ಲ. ಒಂದು ಇಸಿಜಿ ಮಾಡಿಸಿಕೊಂಡು, ಏನೂ ಇಲ್ಲ ಎಂಬ ಮಾತು ಕೇಳಿಸಿಕೊಂಡು ಮನೆಗೆ ಹೋದರೆ ಸಾಕಿತ್ತು.

ಸರ್ಕಾರ ಜಯದೇವ ಸಂಸ್ಥೆಯ ಮುಖ್ಯಸ್ಥ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ರಚಿಸಿತು. ಸಮಿತಿ ಒಂದೊಂದು ಸಾವನ್ನೂ ಬಿಡಿಬಿಡಿಯಾಗಿ ನೋಡಿದಾಗ ಕೆಲವಕ್ಕೆ ಹೃದಯ ಕಾರಣವೇ ಅಲ್ಲ ಎಂದು ಗೊತ್ತಾಯಿತು. ಉಳಿದವುಗಳಲ್ಲಿಯೂ ಖಚಿತ ಪುರಾವೆ ಸಿಕ್ಕಿದ್ದು ಒಂದು ಭಾಗಕ್ಕೆ ಮಾತ್ರ. ಮಿಕ್ಕವು ಹೃದಯಾಘಾತವೇ ಇರಬಹುದು ಎನ್ನುವ ಊಹೆಯ ಮಟ್ಟದಲ್ಲಿಯೇ ನಿಂತವು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಕಾಣುತ್ತಿಲ್ಲ ಎಂಬುದು ಸಮಿತಿಯ ಒಟ್ಟು ಅಭಿಪ್ರಾಯ. ಜನರಿಗೆ ಇದು ರುಚಿಸಲಿಲ್ಲ. ರುಚಿಸದಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಮಾಮೂಲಿ ವರ್ಷದಲ್ಲಿ ಹಾಸನದಲ್ಲಿ 45 ವರ್ಷದೊಳಗಿನವರು ಎಷ್ಟು ಮಂದಿ ಹೀಗೆ ತೀರಿಕೊಳ್ಳುತ್ತಾರೆ ಎಂದು ಯಾರಾದರೂ ಬರೆದಿಟ್ಟಿದ್ದರೆ ತಾನೇ ಈ ವರ್ಷ ಹೆಚ್ಚಾಯಿತೋ ಇಲ್ಲವೋ ಎಂದು ನಂಬಿಸಲು ಸಾಧ್ಯ? ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ದೃಢೀಕರಿಸುವುದು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಮನೆಯಲ್ಲಿ ತೀರಿಕೊಂಡವರ ವಿಷಯದಲ್ಲಿ ನೆರೆಯವರು ಹೇಳಿದ್ದೇ ಕಾರಣ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ಆ ಜುಲೈನಲ್ಲಿ ಸರ್ಕಾರ ಹೇಳಿತು. ಆಗ ಬಂದ ಘೋಷಣೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಇದು. ಸುದ್ದಿಯಲ್ಲಿ ಎಲ್ಲಕ್ಕಿಂತ ಬೇಗ ಮರೆಯಾದದ್ದೂ ಇದೇ.

ಲಸಿಕೆಯ ಪ್ರಶ್ನೆಗೆ ಉತ್ತರ ಹುಡುಕಿದ ಸಂಶೋಧನೆ ಅಷ್ಟರಲ್ಲಾಗಲೇ ನಡೆದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದೊಳಗೆ ಹಠಾತ್ತನೆ ಸತ್ತ 729 ಮಂದಿಯ ವಿವರ ಕಲೆಹಾಕಿ, ಅದೇ ವಯಸ್ಸಿನ, ಅದೇ ಊರು ಕೇರಿಯ ಬದುಕಿರುವ 2,916 ಮಂದಿಯೊಂದಿಗೆ ಹೋಲಿಸಿ 2023ರಲ್ಲಿ ಪ್ರಕಟಿಸಿತು. ಲಸಿಕೆ ಪಡೆದವರಲ್ಲಿ ಇಂಥ ಸಾವು ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಒಂದೆರಡು ದಿನ ಮೊದಲು ವಿಪರೀತ ಕುಡಿದವರಲ್ಲಿ ಅಥವಾ ವಿಪರೀತ ದೇಹದಂಡನೆ ಮಾಡಿದವರಲ್ಲಿ ಹೆಚ್ಚಿತ್ತು. ಹೋಲಿಸಲು ಬದುಕಿರುವವರನ್ನೂ ಸೇರಿಸಿಕೊಂಡದ್ದೇ ಈ ಅಧ್ಯಯನದ ಬಲ. ಸತ್ತವರಲ್ಲಿ ಎಷ್ಟು ಮಂದಿ ಲಸಿಕೆ ಪಡೆದಿದ್ದರು ಎಂದಷ್ಟೇ ಎಣಿಸಿದರೆ, ಹೆಚ್ಚುಕಡಿಮೆ ಎಲ್ಲರೂ ಲಸಿಕೆ ಪಡೆದಿರುವ ದೇಶದಲ್ಲಿ ಆ ಎಣಿಕೆಗೆ ಅರ್ಥವಿಲ್ಲ.

ಇನ್ನು ಆ ಸಾಲಿನ ವಿಷಯ. ನೋವಿಲ್ಲದ ಮನುಷ್ಯನ ಇಸಿಜಿ ಏನು ಹೇಳುತ್ತದೆ? ಬಹಳ ಕಡಿಮೆ. ಇಸಿಜಿ ದಾಖಲಿಸುವುದು ಆ ಹತ್ತು ಸೆಕೆಂಡುಗಳಲ್ಲಿ ಹೃದಯದೊಳಗೆ ವಿದ್ಯುತ್ ಹರಿದ ಬಗೆಯನ್ನು. ಮುಖ್ಯ ರಕ್ತನಾಳವೊಂದು ಮುಕ್ಕಾಲು ಪಾಲು ಕಟ್ಟಿಕೊಂಡಿದ್ದರೂ ವಿಶ್ರಾಂತಿಯಲ್ಲಿರುವಾಗ ಗೆರೆ ಸರಿಯಾಗಿಯೇ ಬರಬಹುದು. ಇನ್ನೊಂದು ಕಡೆ, ಮೂವತ್ತು ನಲವತ್ತರಷ್ಟು ಮಾತ್ರ ಕಟ್ಟಿಕೊಂಡ ನಾಳದ ಒಳಗೋಡೆಯ ಕೊಬ್ಬಿನ ಪೊರೆ ಹಠಾತ್ತನೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ನಾಳ ಪೂರ್ತಿ ಮುಚ್ಚಿಹೋಗಬಹುದು. ನಿನ್ನೆಯ ಇಸಿಜಿ, ಹೃದಯದ ಸ್ಕ್ಯಾನ್ ಆದ ಎಕೋ, ಯಂತ್ರದ ಪಟ್ಟಿಯ ಮೇಲೆ ನಡೆಸಿ ನೋಡುವ ಟಿಎಂಟಿ ಎಲ್ಲವೂ ಸರಿಯಿದ್ದು ಇಂದು ಹೃದಯಾಘಾತವಾಗುವುದು ಹೀಗೆ. ಅಪಾಯ ಕಡಿಮೆ ಇರುವ, ಯಾವ ಲಕ್ಷಣವೂ ಇಲ್ಲದ ವಯಸ್ಕರಿಗೆ ತಪಾಸಣೆಗೆಂದು ಇಸಿಜಿ ಮಾಡಬೇಡಿ ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2018ರಲ್ಲಿ ಹೇಳಿದ್ದು ಇದಕ್ಕಾಗಿ. ಆ ಸಾಲಿನಲ್ಲಿ ನಿಂತವರ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿ, ಬೀಡಿ ಸಿಗರೇಟಿನ ವಿಷಯ ಕೇಳಿ ಕಳಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಆದರೆ ಬಿಪಿ ನೋಡಿಸಿಕೊಳ್ಳಲು ಯಾರೂ ನಸುಕಿಗೆದ್ದು ಬಸ್ ಹತ್ತುವುದಿಲ್ಲ.

ಅದೇ ಇಸಿಜಿ ಎದೆನೋವು ಬಂದ ಮೊದಲ ಗಂಟೆಯಲ್ಲಿ ಸಿಕ್ಕರೆ ಪ್ರಾಣ ಉಳಿಸುವ ಸಾಧನ. ಹೃದ್ರೋಗ ಪತ್ತೆಯ ಬಗ್ಗೆ ಕಳೆದ ಎರಡು ದಶಕಗಳಲ್ಲಿ ನಡೆದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ನನಗೆ ಕಾಣುವುದು ಇದು: ಯಂತ್ರ ಎಷ್ಟು ಸೂಕ್ಷ್ಮ ಎಂಬುದಕ್ಕಿಂತ ಅದು ಯಾವಾಗ, ಯಾರ ಕೈಗೆ ಸಿಕ್ಕಿತು, ಅದು ಹೇಳಿದ ಮೇಲೆ ಏನು ಮಾಡಿದರು ಎಂಬುದೇ ರೋಗಿಯ ಪಾಡನ್ನು ನಿರ್ಧರಿಸಿದೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು, ಡೆನಿಸ್ ಝೇವಿಯರ್ ಮತ್ತು ಪ್ರೇಮ್ ಪೈಸ್ ಮುಂತಾದವರು, ಮುನ್ನಡೆಸಿದ 'ಕ್ರಿಯೇಟ್' ಎಂಬ ದಾಖಲಾತಿ ಅಧ್ಯಯನ 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಬಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಲೆಕ್ಕ ಅದರಲ್ಲಿದೆ. ಭಾರತದ ಹೃದ್ರೋಗದ ಬಗ್ಗೆ ಒಂದೇ ಒಂದು ಪ್ರಬಂಧ ಓದಬೇಕೆಂದರೆ ನಾನು ಇವತ್ತಿಗೂ ಅದನ್ನೇ ಸೂಚಿಸುತ್ತೇನೆ. ರೋಗಿಗಳ ಸರಾಸರಿ ವಯಸ್ಸು 57.5. ಹತ್ತರಲ್ಲಿ ಆರು ಮಂದಿಗೆ ಆಗಿದ್ದು ನಾಳ ಪೂರ್ತಿ ಮುಚ್ಚಿ, ಇಸಿಜಿಯಲ್ಲಿ ಎಸ್‌ಟಿ ಭಾಗ ಮೇಲೇರುವ, ತುರ್ತಿನ ಬಗೆಯ ಹೃದಯಾಘಾತ. ಸ್ಟೆಮಿ ಎಂದು ವೈದ್ಯರು ಕರೆಯುವುದು ಇದನ್ನೇ. ನೋವು ಶುರುವಾದದ್ದರಿಂದ ಆಸ್ಪತ್ರೆಯ ಬಾಗಿಲವರೆಗೆ ಹಿಡಿದ ಸಮಯದ ಮಧ್ಯಮಾಂಕ 360 ನಿಮಿಷ. ಅಂದರೆ ಅರ್ಧದಷ್ಟು ರೋಗಿಗಳು ಆರು ಗಂಟೆ ಕಳೆದ ಮೇಲೆ ಬಂದವರು. ಬಾಗಿಲು ದಾಟಿದ ಮೇಲೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಹಿಡಿದದ್ದು ಕೇವಲ 50 ನಿಮಿಷ. ಬಡವರು ತಿಂಗಳೊಳಗೆ ಸಾಯುವ ಪ್ರಮಾಣ ಶೇ 8.2, ಸ್ಥಿತಿವಂತರಲ್ಲಿ ಶೇ 5.5. ಚಿಕಿತ್ಸೆಯಲ್ಲಿದ್ದ ಅಂತರವನ್ನು ಲೆಕ್ಕದಿಂದ ತೆಗೆದು ನೋಡಿದಾಗ ಸಾವಿನ ಈ ಅಂತರವೂ ಬಹುಪಾಲು ಅಳಿಸಿಹೋಯಿತು. ಬಡತನ ಇಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಔಷಧಿ ಸಿಗದಿರುವುದರ ಮೂಲಕ.

ಆರು ಗಂಟೆ ಎಂಬ ಸಂಖ್ಯೆ ಏಕೆ ಚುಚ್ಚುತ್ತದೆ ಎಂದು ತಿಳಿಯಲು ಇಟಲಿಗೆ ಹೋಗಬೇಕು. 1986ರಲ್ಲಿ ಅಲ್ಲಿನ ವೈದ್ಯರು ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಸ್ಟ್ರೆಪ್ಟೊಕೈನೇಸ್ ಎಂಬ ಹೆಪ್ಪು ಕರಗಿಸುವ ಔಷಧಿಯ ಪರೀಕ್ಷೆ ನಡೆಸಿದರು. ಔಷಧಿ ಸಿಕ್ಕವರಲ್ಲಿ ಮೂರು ವಾರದೊಳಗಿನ ಸಾವು ಶೇ 13ರಿಂದ 10.7ಕ್ಕೆ ಇಳಿಯಿತು. ಆದರೆ ಒಟ್ಟು ಲೆಕ್ಕಕ್ಕಿಂತ ಅದರೊಳಗಿನ ವಿಂಗಡಣೆ ಮುಖ್ಯ. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧಿ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮೂರರಿಂದ ಆರು ಗಂಟೆಯೊಳಗಿನವರಲ್ಲಿ ಇಳಿಕೆ ಶೇ 17ರಷ್ಟು. ಆರು ಗಂಟೆ ಮೀರಿದವರಲ್ಲಿ ಗಣನೀಯ ಲಾಭ ಕಾಣಲಿಲ್ಲ. ಮುಂದಿನ ಪರೀಕ್ಷೆಗಳು ಹನ್ನೆರಡು ಗಂಟೆಯವರೆಗೂ ಒಂದಷ್ಟು ಲಾಭವಿದೆ ಎಂದು ತೋರಿಸಿದವು, ನಿಜ. ಆದರೂ ನಮ್ಮ ಸರಾಸರಿ ರೋಗಿ ಬಾಗಿಲಿಗೆ ಬರುವ ಹೊತ್ತಿಗೆ ಉಳಿಸಬಹುದಾಗಿದ್ದ ಹೃದಯದ ಸ್ನಾಯು ಬಹುಪಾಲು ಸತ್ತಿರುತ್ತದೆ.

ಈ ಆರು ಗಂಟೆ ಎಲ್ಲಿ ಹೋಗುತ್ತದೆ? ಮೊದಲ ಪಾಲು ಗ್ಯಾಸ್ಟ್ರಿಕ್‌ಗೆ. ನಮ್ಮಲ್ಲಿ ಎದೆಯುರಿ, ಎದೆಬಿಗಿತ, ಭುಜನೋವು, ಬೆವರು ಎಲ್ಲಕ್ಕೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು. ಜೀರಿಗೆ ಕಷಾಯ, ಸೋಡಾ, ಅಂಗಡಿಯಿಂದ ತಂದ ಮಾತ್ರೆ, ಒಂದು ನಿದ್ದೆ ಎಲ್ಲ ಮುಗಿದ ಮೇಲೆ ಆಸ್ಪತ್ರೆಯ ಮಾತು. ಎರಡನೆಯ ಪಾಲು ರಸ್ತೆಗೆ. ಊರಿನ ಕ್ಲಿನಿಕ್, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಬೆಂಗಳೂರು ಅಥವಾ ಮೈಸೂರು. ಪ್ರತಿ ನಿಲ್ದಾಣದಲ್ಲಿಯೂ ಒಂದು ಚೀಟಿ, 'ಮೇಲಿನ ಆಸ್ಪತ್ರೆಗೆ ಕಳಿಸಿದೆ' ಎಂಬ ಒಂದು ಸಾಲು. ಆ ಸಾಲು ಬರೆಯುವ ಡ್ಯೂಟಿ ಡಾಕ್ಟರನ್ನು ಮಾತ್ರ ದೂರಿ ಉಪಯೋಗವಿಲ್ಲ. ರಾತ್ರಿ ಎರಡು ಗಂಟೆಗೆ, ಹೃದ್ರೋಗ ತಜ್ಞರೇ ಇಲ್ಲದ ಕಡೆ, ಅನುಮಾನದ ಗೆರೆಯೊಂದನ್ನು ನೋಡಿ ಮಿದುಳಿನಲ್ಲಿ ರಕ್ತಸ್ರಾವ ತರಬಹುದಾದ ಔಷಧಿಯನ್ನು ಕೊಡುವ ಧೈರ್ಯ ಒಬ್ಬರಿಗೇ ಇರಬೇಕು ಎಂದು ಬಯಸುವುದು ಅನ್ಯಾಯ.

ಈ ಒಂಟಿತನವನ್ನು ತೆಗೆಯುವುದೇ ಕೇಂದ್ರ ಮತ್ತು ಕವಲುಗಳ ವ್ಯವಸ್ಥೆಯ ತಿರುಳು. ಸಣ್ಣ ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಕೂಡಲೇ ಅದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅವರು ನೋಡಿ ಕೊಡಿ ಎಂದರೆ ಅಲ್ಲಿಯೇ ಚುಚ್ಚುಮದ್ದು, ಆಮೇಲೆ ಆಂಬುಲೆನ್ಸ್, ಒಂದು ದಿನದೊಳಗೆ ಆಂಜಿಯೋಗ್ರಾಂ. ಇದು ಬಡವರಿಗೆಂದು ಹೊಂದಿಸಿದ ಎರಡನೆಯ ದರ್ಜೆಯ ಚಿಕಿತ್ಸೆ ಎಂದು ಭಾವಿಸಬೇಕಿಲ್ಲ. 2013ರಲ್ಲಿ ಪ್ರಕಟವಾದ 'ಸ್ಟ್ರೀಮ್' ಪರೀಕ್ಷೆಯಲ್ಲಿ, ಮೂರು ಗಂಟೆಯೊಳಗೆ ವೈದ್ಯರ ಕಣ್ಣಿಗೆ ಬಿದ್ದ, ಆದರೆ ಮುಚ್ಚಿದ ನಾಳವನ್ನು ಬಲೂನು, ಸ್ಟೆಂಟ್‌ನಿಂದ ತೆರೆಯುವ ನೇರ ಆಂಜಿಯೋಪ್ಲಾಸ್ಟಿ ಒಂದು ಗಂಟೆಯೊಳಗೆ ಸಾಧ್ಯವಿಲ್ಲದ 1,892 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ್ದರು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಪಡೆದು ನಂತರ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್‌ಗೆ ಹೋದವರಲ್ಲಿ ಸಾವು, ರಕ್ತದೊತ್ತಡ ಕುಸಿಯುವ ಶಾಕ್, ಹೃದಯ ವೈಫಲ್ಯ, ಮರು ಹೃದಯಾಘಾತ ಸೇರಿ ಶೇ 12.4. ನೇರವಾಗಿ ಕ್ಯಾಥ್‌ಲ್ಯಾಬ್‌ಗೆ ಹೋದವರಲ್ಲಿ ಶೇ 14.3. ಹೆಚ್ಚುಕಡಿಮೆ ಸಮಾನ. ಮಿದುಳಿನ ರಕ್ತಸ್ರಾವ ಔಷಧಿಯ ಗುಂಪಿನಲ್ಲಿ ಸ್ವಲ್ಪ ಹೆಚ್ಚಿತ್ತು. 75 ದಾಟಿದವರಿಗೆ ಪ್ರಮಾಣವನ್ನು ಅರ್ಧಕ್ಕಿಳಿಸುವ ರೂಢಿ ಬಂದದ್ದು ಇಲ್ಲಿಂದಲೇ.

ತಮಿಳುನಾಡು ಇದನ್ನು ನಮಗಿಂತ ಮೊದಲು ಮಾಡಿ ನೋಡಿತು. ಕೊಯಮತ್ತೂರಿನ ಥಾಮಸ್ ಅಲೆಕ್ಸಾಂಡರ್, ಚೆನ್ನೈನ ಅಜಿತ್ ಮುಳ್ಳಸಾರಿ ಮುಂತಾದವರು ನಾಲ್ಕು ಆಸ್ಪತ್ರೆ ಜಾಲಗಳಲ್ಲಿ 2,420 ಸ್ಟೆಮಿ ರೋಗಿಗಳನ್ನು ಅನುಸರಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಂಜಿಯೋಗ್ರಾಂ ಆದವರ ಪ್ರಮಾಣ ಶೇ 35ರಿಂದ 61ರ ಹತ್ತಿರಕ್ಕೆ ಏರಿತು. ಆಸ್ಪತ್ರೆಯೊಳಗಿನ ಸಾವು ಬದಲಾಗಲೇ ಇಲ್ಲ, ಆದರೆ ವರ್ಷದೊಳಗಿನ ಸಾವು ಶೇ 17.6ರಿಂದ 14.2ಕ್ಕೆ ಇಳಿಯಿತು. ಈ ಎರಡು ವಾಕ್ಯಗಳನ್ನು ಜೊತೆಯಲ್ಲಿಟ್ಟು ಓದಬೇಕು. ಬಿಡುಗಡೆಯ ದಿನದ ಲೆಕ್ಕಕ್ಕೇ ನಿಂತುಬಿಟ್ಟಿದ್ದರೆ ಯೋಜನೆ ವ್ಯರ್ಥ ಎಂದು ತೀರ್ಮಾನವಾಗುತ್ತಿತ್ತು. ಮನೆಗೆ ಹೋದವರನ್ನು ಒಂದು ವರ್ಷ ಹುಡುಕಿಕೊಂಡು ಹೋದ ಕಾರಣಕ್ಕೆ ಲಾಭ ಕಣ್ಣಿಗೆ ಬಿತ್ತು.

ಹಾಗೆಂದು ಇದನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ, ಏಕೆಂದರೆ ಇದು 'ಮೊದಲು' ಮತ್ತು 'ನಂತರ'ದ ಹೋಲಿಕೆ. ಯೋಜನೆ ಇಲ್ಲದಿದ್ದರೂ ಕಾಲ ಕಳೆದಂತೆ ರಸ್ತೆ ಸುಧಾರಿಸುತ್ತದೆ, ಔಷಧಿ ಅಗ್ಗವಾಗುತ್ತದೆ, ವೈದ್ಯರು ಕಲಿಯುತ್ತಾರೆ. ಯಾವುದರ ಪಾಲು ಎಷ್ಟು? ಪಕ್ಕದ ಕೇರಳದಲ್ಲಿ ನಡೆದ ಇನ್ನೊಂದು ಪರೀಕ್ಷೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. 63 ಆಸ್ಪತ್ರೆಗಳು, 21,374 ರೋಗಿಗಳು. ಎದೆನೋವಿನ ರೋಗಿ ಬಂದಾಗಿನಿಂದ ಬಿಡುಗಡೆಯವರೆಗೆ ಏನೇನು ಮಾಡಬೇಕೆಂಬ ಪಟ್ಟಿ, ತಿಂಗಳ ಲೆಕ್ಕಪರಿಶೀಲನೆ, ರೋಗಿಗಳಿಗೆ ತಿಳಿವಳಿಕೆ, ಸಿಬ್ಬಂದಿಗೆ ತರಬೇತಿ, ಇವೆಲ್ಲ ಸೇರಿದ ಒಂದು ಕಟ್ಟು. ಅದನ್ನು ಎಲ್ಲ ಆಸ್ಪತ್ರೆಗಳಲ್ಲೂ ಒಮ್ಮೆಲೇ ಶುರು ಮಾಡದೆ, ಯಾವ ಆಸ್ಪತ್ರೆ ಯಾವ ಹಂತದಲ್ಲಿ ಶುರು ಮಾಡಬೇಕೆಂದು ಯಾದೃಚ್ಛಿಕವಾಗಿ ಆರಿಸಿ ಜಾರಿ ಮಾಡಿದರು. ಮೇಲ್ನೋಟಕ್ಕೆ ಫಲಿತಾಂಶ ಚೆನ್ನಾಗಿತ್ತು. ತಿಂಗಳೊಳಗಿನ ಸಾವು ಮತ್ತು ದೊಡ್ಡ ತೊಂದರೆಗಳು ಶೇ 6.4ರಿಂದ 5.3ಕ್ಕೆ ಇಳಿದಿದ್ದವು. ಕಾಲದ ಪ್ರಭಾವವನ್ನು ಕಳೆದು ನೋಡಿದಾಗ ಆ ವ್ಯತ್ಯಾಸ ಕರಗಿಹೋಯಿತು. ಕೇರಳದ ಆಸ್ಪತ್ರೆಗಳು ಆ ಕಟ್ಟು ಇಲ್ಲದೆಯೂ ಸುಧಾರಿಸುತ್ತಿದ್ದವು! 2018ರಲ್ಲಿ ಅದನ್ನು ಇದ್ದದ್ದು ಇದ್ದ ಹಾಗೆ ಪ್ರಕಟಿಸಿದವರ ಬಗ್ಗೆ ನನಗೆ ಗೌರವವಿದೆ. ಹಂತಹಂತವಾಗಿ ಜಾರಿ ಮಾಡಿರದಿದ್ದರೆ ಅದೇ ಸಂಖ್ಯೆಗಳು ಭರ್ಜರಿ ಯಶಸ್ಸಿನ ಪತ್ರಿಕಾಗೋಷ್ಠಿಯಾಗುತ್ತಿದ್ದವು.

ಕರ್ನಾಟಕದ ಯೋಜನೆಯನ್ನು ಈ ಬೆಳಕಿನಲ್ಲಿ ನೋಡಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ನಂತರ ಅವರ ಹೆಸರಿನಲ್ಲಿ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭವಾಯಿತು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು ಕವಲುಗಳು, ಜಯದೇವದಂಥವು ಕೇಂದ್ರಗಳು. ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವು ನಿಮಿಷಗಳಲ್ಲಿ ಓದಿಸಿ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದಲ್ಲಿ ಉಚಿತವಾಗಿ ಕೊಡುವ ಏರ್ಪಾಡು ಇದು. ಹಾಸನದ ಗಲಾಟೆಯ ನಂತರ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಯೋಜನೆಯ ವಿನ್ಯಾಸ ಸರಿಯಾಗಿದೆ. ಹಿಂದಿನ ಸಂಶೋಧನೆಗಳು ತೋರಿದ ದಾರಿಯಲ್ಲಿಯೇ ಇದೆ. ನನ್ನ ತಕರಾರು ಲೆಕ್ಕದ ಬಗ್ಗೆ. ಪತ್ರಿಕಾ ಹೇಳಿಕೆಗಳಲ್ಲಿ ಎಷ್ಟು ಲಕ್ಷ ಇಸಿಜಿ ತೆಗೆದರು, ಎಷ್ಟು ಮಂದಿಗೆ ಚುಚ್ಚುಮದ್ದು ಸಿಕ್ಕಿತು ಎಂಬುದು ಎದ್ದು ಕಾಣುತ್ತದೆ. ನೋವಿನಿಂದ ಬಾಗಿಲವರೆಗಿನ ಸಮಯ ತಾಲ್ಲೂಕುವಾರು ಇಳಿದಿದೆಯೇ, ಚುಚ್ಚುಮದ್ದಿನ ನಂತರ ಒಂದು ದಿನದೊಳಗೆ ಆಂಜಿಯೋಗ್ರಾಂ ಆದವರೆಷ್ಟು, ವರ್ಷದ ಕೊನೆಗೆ ಬದುಕಿರುವವರೆಷ್ಟು ಎಂಬ ಪ್ರಶ್ನೆಗಳಿಗೆ ಲಕ್ಷಗಟ್ಟಲೆ ಇಸಿಜಿಗಳ ಲೆಕ್ಕ ಉತ್ತರವಲ್ಲ.

ಇದೇ ಯೋಜನೆಯಡಿ ಸಾರ್ವಜನಿಕ ಸ್ಥಳಗಳಲ್ಲಿ, ಲಯ ಕೆಟ್ಟ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರಗಳನ್ನು ಇಡುವ ಮಾತೂ ಇದೆ. ಹೆಪ್ಪಿನಿಂದ ರಕ್ತನಾಳ ಮುಚ್ಚಿಹೋದರೆ ನೋವು ಬರುತ್ತದೆ, ಆಸ್ಪತ್ರೆಗೆ ಹೋಗಲು ಗಂಟೆಗಳಿರುತ್ತವೆ. ಹೃದಯದ ಲಯವೇ ಕೆಟ್ಟು ಬಡಿತ ನಿಂತರೆ ಇರುವುದು ನಿಮಿಷಗಳು. ಅಲ್ಲಿ ಇಸಿಜಿಗೂ ತಜ್ಞರಿಗೂ ಅವಕಾಶವಿಲ್ಲ, ಪಕ್ಕದಲ್ಲಿ ನಿಂತವರ ಕೈಗಳು ಎದೆ ಒತ್ತಬೇಕು. ಒತ್ತಲು ಕಲಿಸದೆ ಗೋಡೆಗೆ ಯಂತ್ರ ತೂಗುಹಾಕಿದರೆ ಅದಕ್ಕೆ ಧೂಳು ಹಿಡಿಯುತ್ತದೆ, ಅಷ್ಟೇ.

ಕೃತಕ ಬುದ್ಧಿಮತ್ತೆಯ ಬಗ್ಗೆ ಉತ್ಸಾಹ ಸ್ವಲ್ಪ ಅಳತೆ ಮೀರಿದೆ. ಸ್ಪಷ್ಟವಾದ ಸ್ಟೆಮಿಯನ್ನು ತರಬೇತಿ ಪಡೆದ ನರ್ಸ್ ಕೂಡ ಗುರುತಿಸಬಲ್ಲರು. ಯಂತ್ರದ ನಿಜವಾದ ಪ್ರಯೋಜನವೆಂದರೆ ತಜ್ಞರ ಮುಂದಿನ ಸಾಲಿನಲ್ಲಿ ಅಪಾಯದ ಇಸಿಜಿಯನ್ನು ಮೊದಲಿಗೆ ತಂದು ನಿಲ್ಲಿಸುವುದು. ಅಮೆರಿಕದ ಮೇಯೊ ಕ್ಲಿನಿಕ್‌ನವರು 22,641 ರೋಗಿಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಾಮೂಲಿ ಇಸಿಜಿಯನ್ನು ಕಂಪ್ಯೂಟರ್ ಓದಿ ಹೃದಯದ ಪಂಪ್ ಶಕ್ತಿ ಕುಗ್ಗಿರಬಹುದು ಎಂದು ಎಚ್ಚರಿಸುತ್ತಿತ್ತು. ಇದರಿಂದ ಅಂಥ ರೋಗಿಗಳ ಪತ್ತೆ ಶೇ 1.6ರಿಂದ 2.1ಕ್ಕೆ ಏರಿತು. ಉಪಯುಕ್ತವೇ, ಆದರೆ ಪವಾಡವಲ್ಲ. ಎಚ್ಚರಿಕೆ ಬಂದ ಮೇಲೆ ಎಕೋ ಮಾಡುವವರು ಬೇಕು. ನಮ್ಮ ಎಷ್ಟೋ ತಾಲ್ಲೂಕುಗಳಲ್ಲಿ ಎಕೋ ಮಾಡುವವರೇ ಇಲ್ಲ. ಯಂತ್ರಕ್ಕಿಂತ ಸರಳವಾದ, ಖರ್ಚಿಲ್ಲದ ಒಂದು ನಿಯಮ ಇನ್ನೂ ಎಲ್ಲ ಕಡೆ ಪಾಲನೆಯಾಗುತ್ತಿಲ್ಲ: ಮೊದಲ ಇಸಿಜಿ ಸರಿಯಿದ್ದು ನೋವು ಮುಂದುವರಿದಿದ್ದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಇನ್ನೊಂದು ತೆಗೆಯಬೇಕು. ಏನೂ ಇಲ್ಲ, ಹೋಗಿ ಎಂದು ಕಳಿಸಿದ ಮೇಲೆ ದಾರಿಯಲ್ಲಿ ಸತ್ತ ಸುದ್ದಿಗಳ ಹಿಂದೆ ಹಲವು ಸಲ ಇರುವುದು ತೆಗೆಯದೆ ಬಿಟ್ಟ ಈ ಎರಡನೆಯ ಇಸಿಜಿ.

ಇಸಿಜಿ ಮೌನವಾಗಿರುವ ಹೃದಯಾಘಾತಗಳನ್ನು ಹಿಡಿಯಲು ಇರುವುದು ಟ್ರೋಪೋನಿನ್ ಎಂಬ ರಕ್ತಪರೀಕ್ಷೆ. ಹೃದಯದ ಸ್ನಾಯುಕೋಶ ಸತ್ತಾಗ ಈ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಇರುವುದು ಗರ್ಭಪರೀಕ್ಷೆಯ ಪಟ್ಟಿಯ ಹಾಗೆ ಗೆರೆ ಮೂಡಿದರೆ ಹೌದು, ಮೂಡದಿದ್ದರೆ ಇಲ್ಲ ಎನ್ನುವ ಕಾರ್ಡ್. ಮೊದಲ ಕೆಲವು ಗಂಟೆ ಅದರಲ್ಲಿ ಗೆರೆ ಮೂಡದಿರಬಹುದು. ಶ್ರೀಮಂತ ದೇಶಗಳಲ್ಲಿಯೂ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿಯೂ ಈಗ ಬಂದಿರುವುದು ಅತಿಸೂಕ್ಷ್ಮ ಟ್ರೋಪೋನಿನ್. ಅದರ ಬಗ್ಗೆ ಸ್ಕಾಟ್ಲೆಂಡ್‌ನಲ್ಲಿ ನಡೆದ ಎರಡು ಪರೀಕ್ಷೆಗಳನ್ನು ಒಟ್ಟಿಗೆ ಓದಿದಾಗ ಸಿಗುವ ತಿಳಿವಳಿಕೆ ಸ್ವಾರಸ್ಯದ್ದು.

ಮೊದಲನೆಯದರಲ್ಲಿ ಹತ್ತು ಆಸ್ಪತ್ರೆಗಳ 48,282 ಎದೆನೋವಿನ ರೋಗಿಗಳು. ಹಳೆಯ ಪರೀಕ್ಷೆಯಿಂದ ಹೊಸದಕ್ಕೆ ಬದಲಾದಾಗ, ಟ್ರೋಪೋನಿನ್ ಹೆಚ್ಚಿದ್ದ ಹತ್ತು ಸಾವಿರ ಚಿಲ್ಲರೆ ಮಂದಿಯಲ್ಲಿ 1,771 ಮಂದಿ, ಅಂದರೆ ಶೇ 17ರಷ್ಟು, ಹಳೆಯ ಪರೀಕ್ಷೆಗೆ ಕಾಣದೇ ಇದ್ದವರು ಎಂದು ಗೊತ್ತಾಯಿತು. ಇಷ್ಟು ಜನರ ರೋಗ ಹೊಸದಾಗಿ ಪತ್ತೆಯಾದರೆ ಮುಂದಿನ ವರ್ಷ ಅವರಲ್ಲಿ ಹೃದಯಾಘಾತ ಮತ್ತು ಸಾವು ಕಡಿಮೆಯಾಗಬೇಕಿತ್ತಲ್ಲವೇ? ಆಗಲಿಲ್ಲ. ಹೀಗೆ ಸಿಕ್ಕವರಲ್ಲಿ ನಾಳದೊಳಗೆ ಹೆಪ್ಪುಗಟ್ಟಿ ಆದ ನಿಜವಾದ ಹೃದಯಾಘಾತ ಮೂರನೇ ಒಂದು ಪಾಲು ಮಾತ್ರ. ಉಳಿದವರಿಗೆ ರಕ್ತಹೀನತೆ, ಸೋಂಕು, ಮೂತ್ರಪಿಂಡದ ತೊಂದರೆಯಂಥ ಬೇರೆ ಕಾರಣಗಳಿಂದ ಹೃದಯಕ್ಕೆ ಪೆಟ್ಟಾಗಿತ್ತು. ಅವರಿಗೆ ಏನು ಕೊಟ್ಟರೆ ಒಳ್ಳೆಯದು ಎಂಬುದು ವೈದ್ಯರಿಗೇ ಸ್ಪಷ್ಟವಿರಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಅದೇ ಉಪಕರಣವನ್ನು ತಿರುಗಿಸಿ ಹಿಡಿದರು. ಟ್ರೋಪೋನಿನ್ ತೀರ ಕಡಿಮೆಯಿರುವವರನ್ನು ಬೇಗ ಮನೆಗೆ ಕಳಿಸಬಹುದೇ? 31,492 ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ಕಳೆಯುವ ಸಮಯ ಸರಾಸರಿ 10.1 ಗಂಟೆಯಿಂದ 6.8ಕ್ಕೆ ಇಳಿಯಿತು. ದಾಖಲಾಗದೆ ಮನೆಗೆ ಹೋದವರು ಶೇ 50ರಿಂದ 71ಕ್ಕೆ ಏರಿದರು, ಹಾಗೆ ಹೋದವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. ಹೊಸ ರೋಗಿಗಳನ್ನು ಹಿಡಿಯಲೆಂದು ತಂದ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬಂದದ್ದು ರೋಗವಿಲ್ಲದವರನ್ನು ಬಿಡಿಸಿ ಕಳಿಸುವುದರಲ್ಲಿ. ಎದೆನೋವಿನ ಭಯದಲ್ಲಿ ತುರ್ತು ವಿಭಾಗಗಳು ತುಂಬಿ ತುಳುಕುವ ನಮ್ಮ ದೊಡ್ಡ ಆಸ್ಪತ್ರೆಗಳಿಗೆ ಎರಡನೆಯ ಪರೀಕ್ಷೆಯ ಪಾಠ ಹೆಚ್ಚು ಹತ್ತಿರ.

ಹೆಂಗಸರ ವಿಷಯ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಆರೋಗ್ಯವಂತ ಹೆಂಗಸರ ರಕ್ತದಲ್ಲಿ ಟ್ರೋಪೋನಿನ್ ಗಂಡಸರಿಗಿಂತ ಕಡಿಮೆ ಇರುತ್ತದೆ, ಆದರೆ ಇಬ್ಬರಿಗೂ ಒಂದೇ ಗಡಿ ಇಟ್ಟುಕೊಂಡು ದಶಕಗಳೇ ಕಳೆದವು. ಸ್ಕಾಟ್ಲೆಂಡ್‌ನ ಆ ಎರಡು ಪರೀಕ್ಷೆಗಳನ್ನು ನಡೆಸಿದ ಎಡಿನ್‌ಬರೋದ ತಂಡವೇ 2015ರಲ್ಲಿ ಬೇರೆ ಬೇರೆ ಗಡಿ ಇಟ್ಟು ನೋಡಿದಾಗ ಹೆಂಗಸರಲ್ಲಿ ಹೃದಯಾಘಾತದ ಪತ್ತೆ ಶೇ 11ರಿಂದ 22ಕ್ಕೆ, ಅಂದರೆ ಇಮ್ಮಡಿ ಆಯಿತು. ಗಂಡಸರಲ್ಲಿ 19ರಿಂದ 21ಕ್ಕೆ ಮಾತ್ರ. ನಮ್ಮ ಮನೆಗಳಲ್ಲಿ ಅಮ್ಮನ ಬೆನ್ನುನೋವು, ಸುಸ್ತು, ವಾಕರಿಕೆ ಮನೆಯವರ ಕಣ್ಣಿಗೆ ಕಾಯಿಲೆಯಾಗಿ ಕಾಣಲು ಬೇಕಾಗುವ ಗಂಟೆಗಳನ್ನೂ ಇದರ ಮೇಲೆ ಸೇರಿಸಿಕೊಳ್ಳಬೇಕು.

ತುರ್ತಿಲ್ಲದ, ಮೆಟ್ಟಿಲೇರಿದಾಗ ಬರುವ ಸ್ಥಿರ ಎದೆನೋವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತವೂ ಸೇರಿ ಹಲವು ದೇಶಗಳ 5,179 ರೋಗಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಪರೀಕ್ಷೆಯಲ್ಲಿ, ಅಂಥವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ ಮಾತ್ರೆಗಳಿಂದ ಆರಂಭಿಸಿದ್ದಕ್ಕಿಂತ ಸಾವು ಕಡಿಮೆಯಾಗಲಿಲ್ಲ. ನೋವು ಕಡಿಮೆಯಾಯಿತು. ಸ್ಕಾಟ್ಲೆಂಡ್‌ನ ಇನ್ನೊಂದು ಪರೀಕ್ಷೆಯಲ್ಲಿ 4,146 ರೋಗಿಗಳ ಪೈಕಿ, ಸ್ಕ್ಯಾನ್ ಮೂಲಕ ಹೃದಯದ ನಾಳಗಳ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಂ ಮಾಡಿಸಿಕೊಂಡವರಲ್ಲಿ ಐದು ವರ್ಷದೊಳಗಿನ ಹೃದಯಾಘಾತ ಮತ್ತು ಹೃದ್ರೋಗದ ಸಾವು ಶೇ 3.9ರ ಬದಲು 2.3 ಇತ್ತು. ಐದು ವರ್ಷದ ಕೊನೆಗೆ ಸ್ಟೆಂಟ್ ಮತ್ತು ಬೈಪಾಸ್‌ಗಳ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ತಂದದ್ದು ಚಿತ್ರ ನೋಡಿದ ಮೇಲೆ ವೈದ್ಯರು ಬರೆದ, ರೋಗಿಗಳು ನುಂಗಿದ ಮಾತ್ರೆಗಳು ಎಂಬುದು ಸಂಶೋಧಕರ ವಿವರಣೆ.

ಮಾತು ಕೊನೆಗೆ ಬಂದು ನಿಲ್ಲುವುದು ಆ ಮಾತ್ರೆಗಳ ಹತ್ತಿರವೇ. ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿಯ ಎರಡು ಬಗೆ. ಯಾವುದೂ ಹೊಸತಲ್ಲ, ಯಾವುದೂ ದುಬಾರಿಯಲ್ಲ. 2011ರ 'ಪ್ಯೂರ್' ಅಧ್ಯಯನ ಹಳ್ಳಿ ಮತ್ತು ಪಟ್ಟಣಗಳ ಮನೆಗಳಿಗೆ ಹೋಗಿ, ಈಗಾಗಲೇ ಹೃದ್ರೋಗ ಅಥವಾ ಪಾರ್ಶ್ವವಾಯು ಆದವರು ಏನು ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿತ್ತು. ಆಗ ಭಾರತವೂ ಸೇರಿದ್ದ ಕಡಿಮೆ ಆದಾಯದ ದೇಶಗಳಲ್ಲಿ ಶೇ 80ರಷ್ಟು ಮಂದಿ ಈ ಮಾತ್ರೆಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಲಕ್ಷಾಂತರ ರೂಪಾಯಿಯ ಸ್ಟೆಂಟ್ ಹಾಕಿಸಿಕೊಂಡು ಬಂದವರು ಮೂರನೇ ತಿಂಗಳಿಗೆ, ಈಗ ಚೆನ್ನಾಗಿದ್ದೇನಲ್ಲ ಎಂದು ಮಾತ್ರೆ ಬಿಡುವುದನ್ನು ನೋಡದ ವೈದ್ಯರಿಲ್ಲ. ಬಿಡುಗಡೆಯ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಯಾವ ಮಾತ್ರೆ ಎಷ್ಟು ದಿನ ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆ ಪರಿಹಾರ ಹುಡುಕಿದ್ದೂ ಸೇಂಟ್ ಜಾನ್ಸ್‌ನವರೇ. 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಅರ್ಧ ಮಂದಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬಿಡುಗಡೆಯಾಗುವಾಗಿನಿಂದ ಜೊತೆಯಾಗಿ, ಡೈರಿ ಮತ್ತು ಚಿತ್ರಗಳ ನೆರವಿನಿಂದ ಮಾತ್ರೆಯ ಲೆಕ್ಕ ಇಡುವುದನ್ನು ಕಲಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ವರ್ಷದ ನಂತರ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದವರು ಶೇ 97, ಇನ್ನೊಂದು ಗುಂಪಿನಲ್ಲಿ ಶೇ 92. ಅಂತರ ಸಣ್ಣದು ಎನಿಸಬಹುದು. ಅಧ್ಯಯನಕ್ಕೆ ಒಪ್ಪಿ ಬಂದವರು ಎರಡೂ ಗುಂಪಿನಲ್ಲಿ ಶ್ರದ್ಧೆಯವರೇ ಆಗಿರುತ್ತಾರೆ ಎಂಬುದನ್ನು ಮರೆಯಬಾರದು. ಕಾರ್ಯಕರ್ತರು ಬಂದು ಹೋದವರ ಬಿಪಿಯೂ ಸ್ವಲ್ಪ ಇಳಿದಿತ್ತು. ರೋಗ ಇನ್ನೂ ಬರದವರಿಗೆ ಕೊಲೆಸ್ಟ್ರಾಲ್ ಮತ್ತು ಬಿಪಿಯ ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ, ಆಸ್ಪಿರಿನ್ ಜೊತೆಗೆ ಕೊಟ್ಟು ನೋಡಿದ 2021ರ ಪರೀಕ್ಷೆಯಲ್ಲಿ 5,713 ಮಂದಿಯಿದ್ದರು, ಅವರಲ್ಲಿ ಸುಮಾರು ಅರ್ಧ ಭಾರತದವರು. ಹೃದಯ ಮತ್ತು ರಕ್ತನಾಳದ ಅವಘಡಗಳು ಶೇ 5.8ರಿಂದ 4.1ಕ್ಕೆ ಇಳಿದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಳಿಗೆಗಳನ್ನು ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಕರ್ನಾಟಕದಲ್ಲಿ ಈಗ ಗೃಹ ಆರೋಗ್ಯ ಎಂಬ ಯೋಜನೆಯಿದೆ. 2024ರಲ್ಲಿ ಕೋಲಾರದಿಂದ ಆರಂಭವಾಗಿ ಉಳಿದ ಜಿಲ್ಲೆಗಳಿಗೆ ಹಬ್ಬಿದ ಇದರಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡಿ ಔಷಧಿ ಕೊಡುತ್ತಾರೆ. ಹೃದಯ ಜ್ಯೋತಿಯಲ್ಲಿ ಚುಚ್ಚುಮದ್ದು ಪಡೆದು ಬದುಕಿ ಬಂದವರ ಪಟ್ಟಿ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇರುತ್ತದೆ. ಎರಡನ್ನೂ ಜೋಡಿಸಿ, ಆ ಮನೆಗಳಿಗೆ ಹೋಗುವವರ ಚೀಲದಲ್ಲಿ ಈ ನಾಲ್ಕು ಮಾತ್ರೆಗಳನ್ನೂ ಕನ್ನಡದ ಒಂದು ಚೀಟಿಯನ್ನೂ ಇಡಬಹುದು. ಎಲ್ಲ ತಾಲ್ಲೂಕುಗಳಲ್ಲಿ ಒಂದೇ ದಿನ ರಿಬ್ಬನ್ ಕತ್ತರಿಸುವ ಬದಲು, ಮೊದಲು ಯಾವ ತಾಲ್ಲೂಕು, ಆರು ತಿಂಗಳ ನಂತರ ಯಾವುದು ಎಂದು ಕೇರಳದವರು ಮಾಡಿದಂತೆ ಚೀಟಿ ಎತ್ತಿ ಶುರು ಮಾಡಿದರೆ, ವರ್ಷದೊಳಗಿನ ಸಾವು ಇಳಿಯಿತೇ ಇಲ್ಲವೇ ಎಂಬುದಕ್ಕೆ ಎರಡು ಮೂರು ವರ್ಷದಲ್ಲಿ ಉತ್ತರ ಸಿಗುತ್ತದೆ. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಔಷಧಿಯೂ ಬೇಡ. ಯಾವ ತಾಲ್ಲೂಕು ಮೊದಲು ಎಂಬುದನ್ನು ಶಾಸಕರು ನಿರ್ಧರಿಸದೆ ಚೀಟಿಗೆ ಬಿಡಬೇಕು. ಕಷ್ಟದ ಭಾಗ ಅದೇ.